ಶ್ವಾಯ್ ಜ್ಯಾವ್

ಚೀನದ ಸಾಂಪ್ರದಾಯಿಕ ಕುಸ್ತಿ. ಗಿಡ್ಡ ತೋಳಿನ, ಹಲವು ಪದರ ದಪ್ಪ ಬಟ್ಟೆಯ ಅಂಗಿ ತೊಟ್ಟು, ನಡುಕಟ್ಟು ಬಿಗಿದು ಆಡುತ್ತಾರೆ. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಬಿದ್ದಂತೆಯೇ ಲೆಕ್ಕ. ಬೆನ್ನು ನೆಲಕ್ಕೊತ್ತಿ ಚಿತ್ ಮಾಡಬೇಕಿಲ್ಲ. ಇದರ ಪಟ್ಟುಗಳೂ ಸಾಮೂ ಬೆಳೆದದ್ದು ಈ ಒಂದು ನಿಯಮದ ಸುತ್ತ.

ಹಳದಿ ಚಕ್ರವರ್ತಿಯ ಕಾಲದಲ್ಲಿ ಕೊಂಬು ಕಟ್ಟಿಕೊಂಡು ಸೆಣಸುತ್ತಿದ್ದರೆಂಬುದು ಪುರಾಣ. ಛಿನ್ ವಂಶದ ಎರಡನೆಯ ಚಕ್ರವರ್ತಿ ಅರಮನೆಯಲ್ಲಿ ‘ಜ್ಯಾವ್ ದಿ’ ಎಂಬ ಸೆಣಸಾಟ ನೋಡುತ್ತಿದ್ದನೆಂದು ಇತಿಹಾಸಕಾರ ಸಿಮಾ ಛಿಯನ್ ದಾಖಲಿಸಿದ್ದಾನೆ. ಸೋಂಗ್ ವಂಶದ ಕಾಲಕ್ಕೆ ಕುಸ್ತಿ ಪೇಟೆಯ ಮನರಂಜನೆಯಾಗಿತ್ತು, ಹೆಂಗಸರೂ ಅಖಾಡಕ್ಕಿಳಿಯುತ್ತಿದ್ದರು. ಚಕ್ರವರ್ತಿ ಹೆಂಗಸರ ಕುಸ್ತಿ ನೋಡುವುದು ಸಲ್ಲದೆಂದು 1062ರಲ್ಲಿ ಅಧಿಕಾರಿ ಸಿಮಾ ಗ್ವಾಂಗ್ ಮನವಿ ಸಲ್ಲಿಸಿದ. ನಿಲ್ಲಿಸಲು ಬರೆದ ಆ ಪತ್ರವೇ ಇಂದು ಆ ಕುಸ್ತಿಗೆ ಒಳ್ಳೆಯ ಸಾಕ್ಷಿ!

ಛಿಂಗ್ ವಂಶದ ದೊರೆಗಳಿಗೆ ಕುಸ್ತಿ ಬರೀ ಆಟವಾಗಿರಲಿಲ್ಲ. ಹದಿಹರೆಯದ ಕಾಂಗ್‌ಶಿ ಚಕ್ರವರ್ತಿ 1669ರಲ್ಲಿ ಪ್ರಬಲ ರಾಜಪ್ರತಿನಿಧಿ ಓಬೋಯಿಯನ್ನು ಸೆರೆಹಿಡಿಸಿದ್ದು ಎಳೆಯ ಜಟ್ಟಿಗಳ ಕೈಯಿಂದ. ಮುಂದೆ ಬೀಜಿಂಗ್‌ನಲ್ಲಿ ‘ಶಾನ್‌ಪು ಯಿಂಗ್’ ಎಂಬ ಜಟ್ಟಿಗಳ ಪಡೆಯೇ ಇತ್ತು. 1912ರಲ್ಲಿ ರಾಜ್ಯಭಾರ ಕೊನೆಗೊಂಡು ಸಂಬಳ ನಿಂತಾಗ ಕೆಲವರು ಅಲ್ಲಿನ ಥ್ಯೆನ್‌ಛ್ಯಾವ್ ಬಯಲಿನಲ್ಲಿ ಜನರ ಮುಂದೆ ಕುಸ್ತಿಯಾಡಿ ಹೊಟ್ಟೆ ಹೊರೆದರು. ಅರಮನೆಯ ವಿದ್ಯೆ ಊರಿನದಾದದ್ದು ಹಾಗೆ.

ಬೀಜಿಂಗ್, ಥ್ಯೆನ್‌ಜಿನ್, ಬಾವ್‌ದಿಂಗ್ ಮೂರಕ್ಕೂ ತಮ್ಮದೇ ಶೈಲಿಗಳಿವೆ. ಬಾವ್‌ದಿಂಗ್‌ನದು ಚುರುಕಿಗೆ ಹೆಸರಾದದ್ದು: ಅಂಗಿ ಕೈಗೆ ಸಿಕ್ಕ ಕ್ಷಣವೇ ಎದುರಾಳಿಯ ತೂಕ ತಪ್ಪಿಸಿ, ಒಳನುಗ್ಗಿ, ಸೊಂಟ ತಿರುಗಿಸಿ ಅಥವಾ ಕಾಲು ಕೊಟ್ಟು ಕೆಡಹಬೇಕು. ಈ ಶೈಲಿಯ ಚಾಂಗ್ ದೋಂಗ್‌ಶೆಂಗ್ ತೈವಾನ್‌ಗೆ ಹೋಗಿ ಅಲ್ಲಿನ ಪೊಲೀಸರಿಗೆ ಕಲಿಸಿದ.

ಈ ಕುಸ್ತಿಗೆ ಬೇಕಾದದ್ದು ಬರೀ ದಪ್ಪ ತೋಳಲ್ಲ. ಬೀಗದ ಆಕಾರದ, ಹಿಡಿಯುಳ್ಳ ಕಲ್ಲನ್ನು ಬೀಸಿ, ಮೇಲಕ್ಕೆಸೆದು ಹಿಡಿಯುವುದರಿಂದ ಮಣಿಕಟ್ಟೂ ಹಿಡಿತವೂ ಗಟ್ಟಿಯಾಗುತ್ತವೆ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಝಾಡಿಸುವುದು ಜಗ್ಗುವ ಬಲಕ್ಕೆ. ಎದುರಾಳಿಯಿಲ್ಲದೆಯೇ ಒಂದೊಂದು ಪಟ್ಟಿನ ಹೆಜ್ಜೆ, ಸೊಂಟದ ತಿರುವು, ಕಾಲಿನ ಬೀಸನ್ನು ಸಾಧಿಸುವ ಒಂಟಿ ಅಭ್ಯಾಸವೇ ಇದರ ಜೀವಾಳ. ಪೆಟ್ಟಾಗದಂತೆ ಬೀಳುವುದನ್ನೂ ಕಲಿಯಬೇಕು.

1928ರಲ್ಲಿ ನಾನ್‌ಜಿಂಗ್‌ನಲ್ಲಿ ಆರಂಭವಾದ ಕೇಂದ್ರೀಯ ಸಮರಕಲಾ ಸಂಸ್ಥೆ ಈ ಕುಸ್ತಿಯನ್ನೂ ಪಾಠಕ್ರಮಕ್ಕೆ ಸೇರಿಸಿಕೊಂಡಿತು. 1979ರಿಂದ ಪ್ರಾಯೋಗಿಕವಾಗಿ ರೂಪುಗೊಂಡ ಸಾಂದಾ ಸ್ಪರ್ಧೆಯಲ್ಲಿ ಗುದ್ದು, ಒದೆತಗಳ ಜೊತೆಗೆ ಕೆಡಹುವುದಕ್ಕೂ ಅಂಕವಿದೆ. ಆದರೆ ಅಲ್ಲಿ ಕೈಗೆ ಗ್ಲೌಸ್, ಹಿಡಿಯಲು ದಪ್ಪ ಅಂಗಿಯಿಲ್ಲ. ಹಾಗಾಗಿ ಸೊಂಟ ಬಳಸಿ ಹಿಡಿಯುವ, ಒದೆಯಲು ಬಂದ ಕಾಲನ್ನೇ ಹಿಡಿದು ಉರುಳಿಸುವ ಪಟ್ಟುಗಳು ಹೆಚ್ಚು ಬಳಕೆಯಲ್ಲಿವೆ.