ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025 ಎಂಬುದು ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಹಾಗೂ ಇ-ಕ್ರೀಡೆಗಳನ್ನು ಪ್ರೋತ್ಸಾಹಿಸಲು ಭಾರತದ ಸಂಸತ್ತು ರೂಪಿಸಿದ ಕಾನೂನು. ಇದರ ಮಸೂದೆಯು 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿಯೂ ಮರುದಿನ ರಾಜ್ಯಸಭೆಯಲ್ಲಿಯೂ ಅಂಗೀಕಾರಗೊಂಡು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು.

ಹಿನ್ನೆಲೆ

ಸಂವಿಧಾನದ ಏಳನೆಯ ಅನುಸೂಚಿಯಂತೆ ಜೂಜು ಮತ್ತು ಬಾಜಿ ರಾಜ್ಯಪಟ್ಟಿಯ ವಿಷಯಗಳು. ಕೌಶಲಪ್ರಧಾನ ಸ್ಪರ್ಧೆಗಳು ಜೂಜಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಪಿತ್ತಿತು. 1967ರಲ್ಲಿ ರಮ್ಮಿಯೂ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಮುಂದೆ ಆನ್‌ಲೈನ್ ರಮ್ಮಿ ಮತ್ತು ಫ್ಯಾಂಟಸಿ ಕ್ರೀಡೆಗಳ ಸಂಸ್ಥೆಗಳು ಇದೇ ವಾದವನ್ನು ಆಶ್ರಯಿಸಿದವು.

ಕರ್ನಾಟಕ ಸರ್ಕಾರವು 1963ರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯು 2021ರ ಅಕ್ಟೋಬರ್ 5ರಂದು ಜಾರಿಗೆ ಬಂದು, ಹಣ ಪಣವಾಗಿಡುವ ಕೌಶಲದ ಆಟಗಳನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ಇದರ ಪ್ರಮುಖ ಕಲಮುಗಳು ಸಂವಿಧಾನಬಾಹಿರವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಸಂವಿಧಾನಕ್ಕೆ ಅನುಗುಣವಾಗಿ ಹೊಸ ಕಾನೂನು ರಚಿಸಲು ತೀರ್ಪು ಅಡ್ಡಿಯಾಗದೆಂದೂ ತಿಳಿಸಿತು.

ವರ್ಗೀಕರಣ

ಕಾಯ್ದೆಯು ಆನ್‌ಲೈನ್ ಆಟಗಳನ್ನು ಮೂರು ವಿಧಗಳಾಗಿ ವಿಂಗಡಿಸುತ್ತದೆ:

• ಇ-ಕ್ರೀಡೆ: ನಿಯಮಬದ್ಧ ಸ್ಪರ್ಧೆ. ಪ್ರವೇಶ ಶುಲ್ಕ ಮತ್ತು ಬಹುಮಾನಗಳಿಗೆ ಅವಕಾಶವುಂಟು, ಬಾಜಿಗೆ ಇಲ್ಲ.
• ಸಾಮಾಜಿಕ ಆಟ: ಮನರಂಜನೆ ಅಥವಾ ಕಲಿಕೆಗಾಗಿ ಆಡುವಂಥದು. ಚಂದಾ ಪಡೆಯಬಹುದು, ಆದರೆ ಅದು ಪಣದ ರೂಪದಲ್ಲಿರಬಾರದು.
• ಹಣದ ಆಟ: ಗೆದ್ದರೆ ಹಣ ಸಿಗುವ ನಿರೀಕ್ಷೆಯಿಂದ ಹಣ ತೊಡಗಿಸಿ ಆಡುವಂಥದು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಸಂಪೂರ್ಣ ನಿಷಿದ್ಧ.

ಹೀಗೆ ದಶಕಗಳ ಕಾಲ ನಿರ್ಣಾಯಕವಾಗಿದ್ದ ಕೌಶಲ ಮತ್ತು ಅದೃಷ್ಟಗಳ ಭೇದವನ್ನು ಹಣದ ಆಟಗಳ ಮಟ್ಟಿಗೆ ಕಾಯ್ದೆಯು ಕೈಬಿಟ್ಟಿದೆ.

ಶಿಕ್ಷೆ ಮತ್ತು ಬಳಕೆದಾರರ ರಕ್ಷಣೆ

ಹಣದ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅವುಗಳಿಗೆ ಹಣ ಪಾವತಿಯ ಸೌಲಭ್ಯ ಕಲ್ಪಿಸುವವರಿಗೂ ಇದೇ ಶಿಕ್ಷೆ. ಜಾಹೀರಾತು ನೀಡಿದರೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ. ವಿದೇಶದಿಂದ ಭಾರತೀಯರಿಗೆ ಒದಗಿಸುವ ಸೇವೆಗಳಿಗೂ ಕಾಯ್ದೆ ಅನ್ವಯಿಸುತ್ತದೆ; ಅಂತಹ ಜಾಲತಾಣಗಳನ್ನು ನಿರ್ಬಂಧಿಸಬಹುದು. ಆಟವಾಡುವವರಿಗೆ ಇದರಲ್ಲಿ ಶಿಕ್ಷೆಯಿಲ್ಲ. ಅವರನ್ನು ಅಪರಾಧಿಗಳೆಂದಲ್ಲ, ನಷ್ಟಕ್ಕೊಳಗಾದವರೆಂದು ಪರಿಗಣಿಸಲಾಗಿದೆ.

ಪರಿಣಾಮ ಮತ್ತು ಮೊಕದ್ದಮೆಗಳು

ಕಾಯ್ದೆ ಅಂಗೀಕಾರವಾದೊಡನೆ ಡ್ರೀಮ್11 ಸೇರಿದಂತೆ ಹಲವು ಸಂಸ್ಥೆಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಇದರ ಸಿಂಧುತ್ವವನ್ನು ಕರ್ನಾಟಕ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.