ನಿದ್ದೆ ಬಾರದ ಲ್ಯಾಪ್‌ಟಾಪ್

ಅಮ್ಮ ಸಾಮಾನ್ಯವಾಗಿ ರಾತ್ರಿ ಎಂಟೂವರೆಗೆ ಫೋನ್ ಮಾಡ್ತಾಳೆ. ಅವತ್ತು ಸಂಜೆ ಆರಕ್ಕೇ ಮಾಡಿದಳು. ನಾನು ಮೀಟಿಂಗಲ್ಲಿದ್ದೆ, ಎತ್ತಲಿಲ್ಲ. ಎರಡನೇ ಸಲ ಬಂದಾಗ ಭಯವಾಗಿ ಎದ್ದು ಹೊರಗೆ ಬಂದೆ.

"ಪುಟ್ಟೀ, ನಾನೇ ಏನೋ ಒತ್ತಿಬಿಟ್ಟೆ ಕಣೇ. ಎಲ್ಲಾ ಹೋಯ್ತು."

ಹೋಗಿದ್ದು ಒಂದು ಮಧ್ಯಾಹ್ನದ ಟೈಪಿಂಗ್. ಅಮ್ಮ ಎರಡು ವರ್ಷದಿಂದ ಅಜ್ಜಿಯ ಸಂಪ್ರದಾಯದ ಹಾಡುಗಳನ್ನು ನೋಟ್‌ಬುಕ್ಕಿನಿಂದ ನೋಡಿ ನೋಡಿ ಟೈಪ್ ಮಾಡ್ತಿದ್ದಾಳೆ. ನೋಟ್‌ಬುಕ್ಕಿನಲ್ಲಿ ಇರೋದು ಹೋದರೆ ಮತ್ತೆ ಹೊಡೆಯಬಹುದು. ಆದರೆ ಅವತ್ತು ಹೊಡೆದಿದ್ದು ನೋಟ್‌ಬುಕ್ಕಿನದ್ದಲ್ಲ. ಎಂಬತ್ತಾರು ವರ್ಷದ ದೊಡ್ಡಮ್ಮ ಫೋನಿನಲ್ಲಿ ಹಾಡಿದ್ದನ್ನು ಸ್ಪೀಕರಿಗೆ ಹಾಕಿಕೊಂಡು ನೇರವಾಗಿ ಟೈಪ್ ಮಾಡಿದ್ದಳು. ಒಂಬತ್ತು ನುಡಿ. ಸೇವ್ ಮಾಡಿರಲಿಲ್ಲ. ಕರೆಂಟು ಹೋಯ್ತು, ಸಾಗರದಲ್ಲಿ ಮಳೆಗಾಲ ಅಂದ್ರೆ ಅದೇನು ವಿಶೇಷ ಅಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟು ಕೊಟ್ಟಿಗೆ ಕಡೆ ಹೋದಳು. ಬಂದು ತೆಗೆದರೆ ಕಪ್ಪು. ಮುಚ್ಚಿದರೆ ಮಲಗುತ್ತೆ, ತೆಗೆದರೆ ಏಳುತ್ತೆ ಅಂತ ಹೇಳಿಕೊಟ್ಟವಳು ನಾನು.

ಆ ಲ್ಯಾಪ್‌ಟಾಪ್ 2012ರಲ್ಲಿ ನನ್ನ ಮೊದಲ ಕೆಲಸದ ಸಂಬಳದಲ್ಲಿ ಕೊಂಡಿದ್ದು. ಕಂಪನಿ ಹೆಸರು ಬೇಡ. ಬ್ಯಾಟರಿ ಈಗ ಮುಕ್ಕಾಲು ಗಂಟೆ ಬಂದರೆ ಹೆಚ್ಚು. ದಸರಾ ರಜೆಗೆ ಹೋದಾಗ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ 7 ಇದ್ದ ಜಾಗದಲ್ಲಿ ವಿಂಡೋಸ್ 10 ಹಾಕಿಕೊಟ್ಟಿದ್ದೆ. ಆ ವಾರಾಂತ್ಯ ರಾತ್ರಿ ಬಸ್ಸು ಹತ್ತಿದೆ.

ಬೆಳಿಗ್ಗೆ ತಿಂಡಿ ತಿಂದು ನೋಡಿದರೆ ಸ್ಟಾರ್ಟ್ ಮೆನುವಿನ ಪವರ್ ಬಟನ್‌ನಲ್ಲಿ ಎರಡೇ ಆಯ್ಕೆ: ಶಟ್‌ಡೌನ್, ರೀಸ್ಟಾರ್ಟ್. ಸ್ಲೀಪ್ ಇಲ್ಲ. ಪವರ್ ಆಪ್ಷನ್ಸ್ ಒಳಗೆ ಹೋದರೆ 'ಕಂಪ್ಯೂಟರನ್ನು ಯಾವಾಗ ಮಲಗಿಸಬೇಕು' ಅನ್ನೋ ಸಾಲೇ ಇಲ್ಲ. ಯಾವುದೂ ಎರರ್ ಅಂತ ತೋರಿಸಲ್ಲ, ಸುಮ್ಮನೆ ಇಲ್ಲ. ನನ್ನ ಅನುಭವದಲ್ಲಿ ಕಂಪ್ಯೂಟರಿನ ಅತಿ ಕೆಟ್ಟ ತೊಂದರೆ ಇಂಥದ್ದೇ. ಕೆಂಪು ಅಕ್ಷರದಲ್ಲಿ ಬೈದರೆ ಗೂಗಲ್ ಮಾಡಬಹುದು. ಇದ್ದ ಆಯ್ಕೆ ಮಾಯವಾದರೆ ಬಳಸೋರು ತಮ್ಮನ್ನೇ ಬೈದುಕೊಳ್ತಾರೆ. "ನಾನೇ ಏನೋ ಒತ್ತಿಬಿಟ್ಟೆ."

ಅಮ್ಮ ಏನೂ ಒತ್ತಿರಲಿಲ್ಲ. ಅದನ್ನು ಅವಳಿಗೆ ಮನವರಿಕೆ ಮಾಡಿಸೋಕೆ ನಾನು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ನಮ್ಮ ವಯಸ್ಸಿನವರಿಗೆ ಶಾಲೆಯ ಕಂಪ್ಯೂಟರ್ ಲ್ಯಾಬ್ ನೆನಪಿರಬಹುದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತಲ್ಲ, ಅದೇ. ಪಿರಿಯಡ್ ಮುಗಿದಾಗ ಶಟ್‌ಡೌನ್ ಕೊಟ್ಟರೆ ಕಪ್ಪು ತೆರೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ, ಇನ್ನು ನೀವು ಕಂಪ್ಯೂಟರ್ ಆರಿಸಬಹುದು, ಭಯವಿಲ್ಲ ಅನ್ನೋ ಅರ್ಥದ ಒಂದು ಸಾಲು ಬರ್ತಿತ್ತು. ಆಮೇಲೆ ಸರ್ ಬಂದು ಸ್ವಿಚ್ ಒತ್ತಬೇಕು. ವಿಂಡೋಸ್ 95ರ ಕಾಲದ ಆ ಸಾಲು ಒಂದು ಒಪ್ಪಿಗೆಪತ್ರ ಇದ್ದ ಹಾಗೆ. ಕರೆಂಟಿನ ಮೇಲೆ ನನಗೆ ಅಧಿಕಾರ ಇಲ್ಲ ಅಂತ ಆಪರೇಟಿಂಗ್ ಸಿಸ್ಟಮ್ಮೇ ಹೇಳಿಕೊಳ್ತಿತ್ತು.

ಹಾಗಾದರೆ ಅಧಿಕಾರ ಯಾರದ್ದು? ಲ್ಯಾಪ್‌ಟಾಪ್‌ಗಳಲ್ಲಿ ಅದು ಬಯಾಸ್‌ನದ್ದು. 1990ರಲ್ಲಿ ಇಂಟೆಲ್ 386ಎಸ್‌ಎಲ್ ಅನ್ನೋ ಚಿಪ್ ತಂತು, ಹೊತ್ತುಕೊಂಡು ಓಡಾಡೋ ಕಂಪ್ಯೂಟರಿಗೆ ಅಂತಲೇ ಮಾಡಿದ್ದು. ಅದರಲ್ಲಿ ಸಿಸ್ಟಮ್ ಮ್ಯಾನೇಜ್‌ಮೆಂಟ್ ಮೋಡ್ ಅಂತ ಒಂದು ಗುಪ್ತದ್ವಾರ ಇಟ್ಟರು. ಪ್ರೊಸೆಸರ್ ಮಾಡ್ತಿದ್ದ ಕೆಲಸ ಅಲ್ಲಿಗೇ ನಿಲ್ಲಿಸಿ, ಬಯಾಸ್‌ನವರು ಬರೆದಿಟ್ಟ ಕೋಡಿಗೆ ಹೋಗಿ, ಅಲ್ಲಿ ತೆರೆ ಆರಿಸೋದೋ ಡಿಸ್ಕ್ ನಿಲ್ಲಿಸೋದೋ ಮಾಡಿ, ಏನೂ ಆಗಿಲ್ಲ ಅನ್ನೋ ಹಾಗೆ ವಾಪಸ್ ಬರುತ್ತೆ. ನಡುವೆ ಹೀಗೊಂದು ನಡೀತು ಅಂತ ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತೇ ಆಗಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದನ್ನ ವಿವರಿಸಬೇಕಿಲ್ಲ. ಓನರ್ ಹತ್ತಿರ ಇನ್ನೊಂದು ಕೀ ಇರುತ್ತೆ. ನಾವು ಆಫೀಸಿಗೆ ಹೋದಾಗ ಬಂದು ಗೀಸರ್ ಆರಿಸಿ ಹೋಗ್ತಾರೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಇದಕ್ಕೊಂದು ಶಿಸ್ತು ತಂದವು, ಎಪಿಎಂ ಅಂತ. ಓನರ್ ಬರೋ ಮುಂಚೆ ಬಾಗಿಲು ತಟ್ಟಬೇಕು ಅನ್ನೋ ಒಪ್ಪಂದ ಅಂದುಕೊಳ್ಳಿ. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎನರ್ಜಿ ಸ್ಟಾರ್ ಶುರು ಮಾಡಿತು. ಫ್ರಿಜ್ಜಿನ ಮೇಲೆ ಆ ನಕ್ಷತ್ರದ ಗುರುತು ನೋಡಿರ್ತೀರಿ, ಆದರೆ ಅದನ್ನು ಮೊದಲು ಅಂಟಿಸಿದ್ದು ಕಂಪ್ಯೂಟರ್ ಮತ್ತು ಮಾನಿಟರಿಗೆ. ಒಟ್ಟಿನಲ್ಲಿ ಕಂಪ್ಯೂಟರ್ ಮಲಗಲಿ ಅನ್ನೋದು ಎಲ್ಲರ ಆಸೆಯಾಗಿತ್ತು.

ಆದರೆ ಯಾವಾಗ ಮಲಗಬೇಕು ಅಂತ ತೀರ್ಮಾನಿಸೋದು ಎಪಿಎಂನಲ್ಲೂ ಮುಖ್ಯವಾಗಿ ಬಯಾಸೇ. ಅದಕ್ಕೆ ಗೊತ್ತಿರೋದು ಒಂದು ಗಡಿಯಾರ ಮತ್ತು ಕೀ ಒತ್ತಿದರೋ ಇಲ್ಲವೋ ಅನ್ನೋದು. ನೀವು ಹತ್ತು ಜನರ ಮುಂದೆ ಸ್ಲೈಡ್ ತೋರಿಸ್ತಾ ಮಾತಾಡ್ತಿದೀರಾ, ಅಥವಾ ಎದ್ದು ಕಾಫಿಗೆ ಹೋಗಿದೀರಾ? ಬಯಾಸಿಗೆ ಎರಡೂ ಒಂದೇ. ಆ ಹೊತ್ತಿಗೆ ಆ್ಯಪಲ್‌ನವರಿಗೆ ಈ ಜಗಳ ಅಷ್ಟಾಗಿ ಇರಲಿಲ್ಲ. 1991ರ ಪವರ್‌ಬುಕ್‌ನಲ್ಲಿ ಯಂತ್ರವೂ ಅವರದ್ದೇ, ಸಾಫ್ಟ್‌ವೇರೂ ಅವರದ್ದೇ. ಒಂದೇ ಮನೆಯವರು ಮಾತಾಡಿಕೊಂಡು ಮಲಗಿದರು. ಪಿಸಿ ಲೋಕದಲ್ಲಿ ಚಿಪ್ ಒಬ್ಬರದ್ದು, ಬೋರ್ಡ್ ಇನ್ನೊಬ್ಬರದ್ದು, ಬಯಾಸ್ ಮತ್ತೊಬ್ಬರದ್ದು, ವಿಂಡೋಸ್ ಮಗದೊಬ್ಬರದ್ದು.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಈ ಅಧಿಕಾರವನ್ನೇ ವರ್ಗಾಯಿಸಿದರು. ಎಸಿಪಿಐ ಅಂತ ಅದರ ಹೆಸರು. ನಿಮ್ಮ ಆಫೀಸ್ ಲ್ಯಾಪ್‌ಟಾಪ್ ಇವತ್ತಿಗೂ ಅದರದ್ದೇ ಮುಂದಿನ ಆವೃತ್ತಿಯ ಮೇಲೆ ನಡೀತಿರೋ ಸಾಧ್ಯತೆ ಹೆಚ್ಚು. ಇನ್ನು ಮೇಲೆ ಬಯಾಸ್ ತಾನಾಗಿ ಯಾವುದನ್ನೂ ಆರಿಸಬಾರದು. ಮನೆಯ ವೈರಿಂಗ್ ನಕ್ಷೆಯನ್ನು ಬಾಡಿಗೆದಾರರ ಕೈಗೆ ಕೊಡಬೇಕು. ನಡೆಸೋದು ಆಪರೇಟಿಂಗ್ ಸಿಸ್ಟಮ್. ಎಸ್0 ಅಂದರೆ ಎಚ್ಚರ, ಎಸ್3 ಅಂದರೆ ಮೆಮೊರಿಗೆ ಮಾತ್ರ ಕರೆಂಟು ಕೊಟ್ಟು ಉಳಿದದ್ದೆಲ್ಲ ಆರಿಸೋದು, ಎಸ್4 ಅಂದರೆ ಇರೋದನ್ನೆಲ್ಲ ಡಿಸ್ಕಿಗೆ ಬರೆದು ಮಲಗೋದು, ಎಸ್5 ಪೂರ್ತಿ ಆಫ್. ಅಮ್ಮನ ಒಂಬತ್ತು ನುಡಿ ಬದುಕಬೇಕಿದ್ದಿದ್ದು ಎಸ್3ರಲ್ಲಿ.

ಕಾಗದದ ಮೇಲೆ ಚೆನ್ನಾಗಿತ್ತು. ತೊಂದರೆ ಏನೆಂದರೆ ಆ ನಕ್ಷೆ ಬರೀ ಚಿತ್ರ ಅಲ್ಲ, ಸಣ್ಣ ಸಣ್ಣ ಪ್ರೋಗ್ರಾಮುಗಳ ಒಂದು ಕಂತೆ. ಪ್ರತಿ ಬೋರ್ಡಿನವರೂ ತಮ್ಮದನ್ನು ತಾವೇ ಬರೀಬೇಕು. ಅನೇಕರು ತಪ್ಪು ತಪ್ಪಾಗಿ ಬರೆದರು. ಎಷ್ಟರ ಮಟ್ಟಿಗೆ ಅಂದ್ರೆ ವಿಂಡೋಸ್ 2000 ಇನ್‌ಸ್ಟಾಲ್ ಆಗುವಾಗ ಮೊದಲು ಬಯಾಸ್‌ನ ತಾರೀಖು ನೋಡ್ತಿತ್ತು. 1999ರ ಜನವರಿ 1ಕ್ಕಿಂತ ಹಳೆಯದಾದರೆ, ನಂಬಬಹುದು ಅಂತ ಪರೀಕ್ಷೆ ಮಾಡಿಟ್ಟ ಯಂತ್ರಗಳ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಎಸಿಪಿಐ ಬಳಸೋದು, ಇಲ್ಲಾಂದ್ರೆ ಹಳೇ ಪದ್ಧತಿ. ಹಳೇ ಲ್ಯಾಪ್‌ಟಾಪಿನಲ್ಲಿ ಪವರ್ ಸೆಟ್ಟಿಂಗ್ ಕಾಣಿಸ್ತಿಲ್ಲ ಅನ್ನೋ ದೂರಿಗೆ ಆಗಲೇ ಇಷ್ಟು ವಯಸ್ಸಾಗಿದೆ. ಬಳಸೋರಿಗೆ ಯಾರೂ ಕಾರಣ ಹೇಳ್ತಿರಲಿಲ್ಲ ಅನ್ನೋದೂ ಅಷ್ಟೇ ಹಳೆಯದು.

ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಒಂದು ಸುಳ್ಳಿನದ್ದು. ಬಯಾಸ್ ಬರೆಯೋರಿಗೆ, ಎದುರಿಗಿರೋದು ಯಾವ ಆಪರೇಟಿಂಗ್ ಸಿಸ್ಟಮ್ ಅಂತ ಕೇಳೋ ದಾರಿ ಎಸಿಪಿಐನಲ್ಲಿದೆ. ನೀನು ವಿಂಡೋಸ್ 2001ಆ? (ಅದು ಎಕ್ಸ್‌ಪಿ.) ವಿಂಡೋಸ್ 2009ಆ? (ಅದು 7.) ಉತ್ತರ ನೋಡಿಕೊಂಡು ಬಯಾಸ್ ಬೇರೆ ಬೇರೆ ಥರ ನಡಕೊಳ್ಳುತ್ತೆ. ಲಿನಕ್ಸ್‌ನವರು ಮೊದಲು ಪ್ರಾಮಾಣಿಕವಾಗಿ ಇದ್ದರು. ಆದರೆ ಬಹಳಷ್ಟು ಕಂಪನಿಗಳು ಪರೀಕ್ಷೆ ಮಾಡಿ ಕಳಿಸ್ತಿದ್ದಿದ್ದು ವಿಂಡೋಸ್ ದಾರಿಯೊಂದನ್ನೇ. ಉಳಿದ ದಾರಿಗಳಲ್ಲಿ ಗುಂಡಿ. ಹಾಗಾಗಿ ಲಿನಕ್ಸ್ ಇವತ್ತಿಗೂ, ನೀನು ವಿಂಡೋಸಾ ಅಂದರೆ ಹೌದು ಅನ್ನುತ್ತೆ, ನೀನು ಲಿನಕ್ಸಾ ಅಂದರೆ ಅಲ್ಲ ಅನ್ನುತ್ತೆ. ಮನೆ ಬಾಡಿಗೆಗೆ ಹುಡುಕುವಾಗ ನಾವು ಹೇಳೋ ಕೆಲವು ಸುಳ್ಳುಗಳ ಜಾತಿಗೇ ಸೇರಿದ್ದು.

ಇದರ ಹಿಂದೆ ದುರುದ್ದೇಶ ಇತ್ತಾ? ಪೂರ್ತಿ ಇಲ್ಲ ಅನ್ನೋ ಹಾಗೂ ಇಲ್ಲ. 1999ರ ಜನವರಿ 24ರಂದು ಬಿಲ್ ಗೇಟ್ಸ್ ಬರೆದ ಒಂದು ಆಂತರಿಕ ಇಮೇಲ್, ಮುಂದೆ ಅಯೋವಾ ರಾಜ್ಯದಲ್ಲಿ ನಡೆದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹೊರಬಿತ್ತು. ನಾವು ಇಷ್ಟು ಕಷ್ಟಪಟ್ಟು ಎಸಿಪಿಐ ಸರಿ ಮಾಡಿಸಿದರೆ ಲಿನಕ್ಸಿಗೆ ಪುಕ್ಕಟೆ ಲಾಭ ಆಗುತ್ತಲ್ಲ, ಇದನ್ನು ಹೇಗಾದರೂ ವಿಂಡೋಸಿಗೆ ಮಾತ್ರ ಹೊಂದೋ ಹಾಗೆ ಮಾಡೋಕೆ ಆಗಲ್ವಾ ಅನ್ನೋದು ಅದರ ಸಾರ. ಆ ಇಮೇಲಿನಿಂದಲೇ ಎಲ್ಲ ಹಾಳಾಯ್ತು ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಸೋಮಾರಿತನ, ಅವಸರ ಸಾಕು. ರಿಲೀಸ್ ಡೇಟಿಗೆ ಮುಂಚಿನ ರಾತ್ರಿ ಏನೇನು ನಡೆಯುತ್ತೆ ಅಂತ ನಮಗೆ ಗೊತ್ತಿಲ್ವಾ?

ಸರಿ, ಸಾಗರಕ್ಕೆ ವಾಪಸ್ ಬರೋಣ. ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಓರೆಗೆರೆ, ಎ ಅಂತ ಹೊಡೆದೆ. ವಿಂಡೋಸ್ ಮೌನ ಮುರಿದು ಕಾರಣ ಹೇಳೋ ಅಪರೂಪದ ಜಾಗ ಅದು. ಯಾವ ಯಾವ ನಿದ್ದೆ ಲಭ್ಯ, ಯಾವುದು ಇಲ್ಲ, ಯಾಕಿಲ್ಲ ಅಂತ ಪಟ್ಟಿ ಕೊಡುತ್ತೆ. ಎಸ್1, ಎಸ್2 ಈ ಯಂತ್ರದ ಫರ್ಮ್‌ವೇರಿನಲ್ಲೇ ಇಲ್ಲ ಅಂತ ಬಂತು, ಅದು ಮಾಮೂಲು. ಎಸ್3ರ ಮುಂದೆ ಬೇರೆ ಉತ್ತರ: ವ್ಯವಸ್ಥೆಯ ಒಳಗಿನ ಒಂದು ಭಾಗ ಇದನ್ನು ತಡೆದಿದೆ. ಅದರ ಕೆಳಗೆ ಒಂದೇ ಪದ, ಗ್ರಾಫಿಕ್ಸ್.

ಡಿವೈಸ್ ಮ್ಯಾನೇಜರ್ ನೋಡಿದೆ. ಇಂಟೆಲ್ ಗ್ರಾಫಿಕ್ಸ್ ಅಂತ ಇರಬೇಕಾದ ಕಡೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿತ್ತು. ಸರಿಯಾದ ಡ್ರೈವರ್ ಸಿಗದಿದ್ದಾಗ ವಿಂಡೋಸ್ ಹಾಕಿಕೊಳ್ಳೋ ಬದಲಿ ಮೇಷ್ಟ್ರು. ಬಯಾಸ್ ಸಿದ್ಧ ಮಾಡಿಕೊಟ್ಟ ತೆರೆಯ ಮೇಲೆ ಚಿತ್ರ ಬರೆಯೋದು ಅದಕ್ಕೆ ಗೊತ್ತು, ಅಷ್ಟೇ. ಎಸ್3ರಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಕರೆಂಟು ಹೋಗುತ್ತೆ. ಎದ್ದಾಗ ಅದನ್ನು ಸೊನ್ನೆಯಿಂದ ಎಬ್ಬಿಸಬೇಕಾದ್ದು ಡ್ರೈವರ್. ಬದಲಿ ಮೇಷ್ಟ್ರಿಗೆ ಅದು ಬರಲ್ಲ. ಮಲಗಿಸಿದರೆ ಮತ್ತೆ ಏಳಿಸೋಕಾಗಲ್ಲ ಅಂತ ಗೊತ್ತಿರೋದರಿಂದ ವಿಂಡೋಸ್ ಮಲಗೋ ಆಯ್ಕೆಯನ್ನೇ ತೆಗೆದಿಡುತ್ತೆ.

ಸುಳಿವುಗಳು ತಿಂಗಳುಗಟ್ಟಲೆ ಕಣ್ಣೆದುರೇ ಇದ್ದವು. "ಬೆಳಕು ಕಮ್ಮಿ ಮಾಡೋಕೇ ಆಗ್ತಿಲ್ಲ, ಕಣ್ಣು ಉರಿಯುತ್ತೆ" ಅಂತ ಅಮ್ಮ ಅಂದಿದ್ದಳು. ಬ್ರೈಟ್‌ನೆಸ್ ಕೂಡ ಆ ಡ್ರೈವರಿನ ಕೆಲಸವೇ. "ಅಕ್ಷರ ಮೊದಲಿಗಿಂತ ದಪ್ಪ ಆಗಿದೆ, ಒಳ್ಳೇದಾಯ್ತು" ಅಂತಲೂ ಅಂದಿದ್ದಳು; ಅದು ಬದಲಿ ಮೇಷ್ಟ್ರ ಕಡಿಮೆ ರೆಸಲ್ಯೂಷನ್. ನಾನು ಹೂಂ ಹೂಂ ಅಂದಿದ್ದೆ.

ಇಂಟೆಲ್‌ನ ಆ ತಲೆಮಾರಿನ ಗ್ರಾಫಿಕ್ಸ್‌ಗೆ ವಿಂಡೋಸ್ 10ರ ಡ್ರೈವರ್ ಅಂತ ಬೇರೆ ಬರಲೇ ಇಲ್ಲ. ಆದರೆ ಹಳೆಯ ಡ್ರೈವರನ್ನೇ ವಿಂಡೋಸ್ ಅಪ್‌ಡೇಟ್ ತಾನಾಗಿ ತಂದು ಹಾಕುತ್ತೆ. ಇಲ್ಲಿ ಯಾಕೆ ತರಲಿಲ್ಲ? ನೆಟ್‌ವರ್ಕ್ ಸೆಟ್ಟಿಂಗ್ ತೆಗೆದೆ. ಅಮ್ಮನ ಮೊಬೈಲ್ ಹಾಟ್‌ಸ್ಪಾಟಿನ ಹೆಸರಿನ ಕೆಳಗೆ 'ಮೀಟರ್ಡ್ ಕನೆಕ್ಷನ್' ಆನ್ ಆಗಿತ್ತು. ಡೇಟಾ ಲೆಕ್ಕ ಹಾಕಿ ಬಳಸೋ ಕನೆಕ್ಷನ್ ಅಂತ ಅದರರ್ಥ. ಅಂಥ ಕನೆಕ್ಷನ್‌ನಲ್ಲಿ ವಿಂಡೋಸ್ ಡ್ರೈವರ್ ಇಳಿಸಿಕೊಳ್ಳಲ್ಲ.

ಅದನ್ನು ಆನ್ ಮಾಡಿದ್ದು ನಾನು. ದಸರಾದಲ್ಲಿ, ಅಮ್ಮನ ದಿನದ ಡೇಟಾ ಎಲ್ಲಾ ಅಪ್‌ಡೇಟಿಗೇ ಹೋಗದಿರಲಿ ಅಂತ, ಬಸ್ಸಿಗೆ ಹೊತ್ತಾಯ್ತು ಅನ್ನೋ ಅವಸರದಲ್ಲಿ.

ನನ್ನ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದೆ. ಇಪ್ಪತ್ತು ನಿಮಿಷದಲ್ಲಿ ತೆರೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಮೆನುವಿನಲ್ಲಿ ಸ್ಲೀಪ್ ಕೂಡ ಬಂತು. ಮುಚ್ಚಿದೆ, ಪಕ್ಕದ ಸಣ್ಣ ದೀಪ ನಿಧಾನಕ್ಕೆ ಮಿಣುಕತೊಡಗಿತು. ತೆಗೆದೆ, ಎದ್ದಿತು.

ಅಮ್ಮನಿಗೆ ಎಲ್ಲಾ ಹೇಳಿದೆ, ಓನರ್ ಕೀ ಕಥೆಯಿಂದ ಹಿಡಿದು ನಾನು ಒತ್ತಿದ ಬಟನ್ ತನಕ. ಅವಳು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಾನೇನೂ ಒತ್ತಿಲ್ಲ" ಅಂದಳು. ಇಲ್ಲಮ್ಮ ಅಂದೆ. ಮತ್ತೆ ಒಂದು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಮಧ್ಯಾಹ್ನ ದೊಡ್ಡಮ್ಮನಿಗೆ ಫೋನ್ ಹಚ್ಚಿದೆವು. ಈ ಸಲ ನನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಇಟ್ಟು, ಅಮ್ಮ ಪ್ರತಿ ನುಡಿಗೂ ಸೇವ್ ಒತ್ತುತ್ತಾ ಕೂತಳು. ಏಳು ನುಡಿ ಬಂತು. ಎಂಟನೆಯದು ಅರ್ಧಕ್ಕೆ ನಿಂತು, "ಮೊನ್ನೆ ಹೇಳಿದ್ನಲ್ಲೇ, ಬರ್ಕಂಡಿಲ್ವಾ" ಅಂದರು ದೊಡ್ಡಮ್ಮ. ಅಮ್ಮ ನನ್ನ ಮುಖ ನೋಡಿ, "ಬರ್ಕಂಡಿದ್ದೆ ದೊಡ್ಡಕ್ಕ, ನನ್ನ ಕೈಲೇ ಎಲ್ಲೋ ತಪ್ಪೋಯ್ತು" ಅಂದಳು.