ನಿವೃತ್ತಿಯ ನಂತರ ಒಬ್ಬರೇ ವಾಸಿಸಲು ಹಳೆಯ ಮೋಟಾರ್‌ಹೋಮ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಯಲಹಂಕ, ಜಾಲಹಳ್ಳಿ, ಹೆಬ್ಬಾಳ, ಆರ್.ಟಿ. ನಗರದ ಕಡೆ ಕಾರ್ಖಾನೆ, ವಾಯುಪಡೆ, ಬ್ಯಾಂಕು, ಕಾಲೇಜುಗಳಿಂದ ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಮಕ್ಕಳು ದೂರದಲ್ಲಿದ್ದು, ಮನೆಯಲ್ಲಿ ಒಬ್ಬರೇ ಉಳಿದಾಗ ಕೆಲವರಿಗೆ ಒಂದು ಯೋಚನೆ ಬರುತ್ತದೆ: ಮನೆ ಬಾಡಿಗೆಗೆ ಕೊಟ್ಟು, ಹಳೆಯದೊಂದು ಕ್ಯಾರವಾನ್ ಕೊಂಡು, ಊರೂರು ಸುತ್ತುತ್ತಾ ಅದರಲ್ಲೇ ಇದ್ದುಬಿಟ್ಟರೆ ಹೇಗೆ? ಯೋಚನೆ ಕೆಟ್ಟದ್ದೇನಲ್ಲ. ಆದರೆ ಇಲ್ಲಿ ತಪ್ಪು ವಾಹನ ಕೊಂಡರೆ ಹೋಗುವುದು ವಾಹನದ ದುಡ್ಡಷ್ಟೇ ಅಲ್ಲ, ತಲೆಯ ಮೇಲಿನ ಸೂರೂ ಹೌದು. ಜೊತೆಗೆ ಯಾರೂ ಇಲ್ಲದ ಕಾರಣ ಸಣ್ಣ ದೋಷವೂ ಜೀವಕ್ಕೆ ಎರವಾಗಬಹುದು.

ಹಳೆಯ ವಾಹನವೆಂದರೆ ಹೆಚ್ಚಿನವರು ಮೊದಲು ನೋಡುವುದು ಎಂಜಿನ್. ಮೋಟಾರ್‌ಹೋಮ್ ವಿಷಯದಲ್ಲಿ ಅಷ್ಟು ಸಾಲದು. ನಮ್ಮಲ್ಲಿ ಸಿಗುವ ಹಳೆಯ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್‌ನಂಥ ಪ್ರಯಾಣಿಕರ ವ್ಯಾನುಗಳು. ಅವುಗಳ ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ಶೌಚಾಲಯ ಕೂರಿಸಿರುತ್ತಾರೆ. ಅಂದರೆ ವಾಹನವನ್ನು ಕಟ್ಟಿದ್ದು ಕಂಪನಿ, ಒಳಗಿನ ಮನೆಯನ್ನು ಕಟ್ಟಿದ್ದು ಯಾವುದೋ ಒಂದು ಗ್ಯಾರೇಜು. ಟ್ರಾವೆಲರ್ ಎಂಜಿನ್ ಕೆಟ್ಟರೆ ಯಾವ ತಾಲ್ಲೂಕಿನಲ್ಲಾದರೂ ಮೆಕ್ಯಾನಿಕ್ ಸಿಗುತ್ತಾರೆ. ಒಳಗಿನ ತಂತಿ, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಟ್ಟಿದವರಿಗೆ ಮಾತ್ರ ಗೊತ್ತು. ಹಾಗಾಗಿ ಕಾಗದ, ತೂಕ, ನೀರು, ವಿದ್ಯುತ್ತು, ಗ್ಯಾಸ್ ಇವೆಲ್ಲ ಸರಿಯಿದ್ದರೆ ಮಾತ್ರ ಎಂಜಿನ್ ನೋಡಿ ಎನ್ನುವುದು ನಮ್ಮ ಸಲಹೆ.

ಮೊದಲು ಕಾಗದ

"ಏನೂ ಆಗಲ್ಲ ಸಾರ್, ರೋಡಲ್ಲಿ ಯಾರೂ ಕೇಳಲ್ಲ" ಎನ್ನುವ ಮಾರಾಟಗಾರರ ಮಾತು ಅರ್ಧ ನಿಜವಿರಬಹುದು. ಕೇಳುವವರು ಬರುವುದು ಅಪಘಾತವಾದ ಮೇಲೆ. ಆರ್‌ಸಿಯಲ್ಲಿ 12 ಸೀಟಿನ ವ್ಯಾನ್ ಎಂದಿದ್ದು, ಒಳಗೆ ಮಂಚ, ಒಲೆ ಕಂಡರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಲು ಅಷ್ಟೇ ಸಾಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆರ್‌ಸಿಯಲ್ಲಿ ವಾಹನದ ವರ್ಗ 'ಮೋಟಾರ್ ಕ್ಯಾರವಾನ್' ಅಥವಾ 'ಕ್ಯಾಂಪರ್ ವ್ಯಾನ್' ಎಂದು ಇದ್ದರೆ ಅರ್ಧ ಚಿಂತೆ ಕಳೆದಂತೆ. ಹಳದಿ ಬೋರ್ಡಿನ ವಾಹನವಾದರೆ ಪರ್ಮಿಟ್ಟು, ಎಫ್‌ಸಿ, ತೆರಿಗೆಗಳ ಲೆಕ್ಕವೇ ಬೇರೆ.

ಮುಂಗಡ ಕೊಡುವ ಮೊದಲು ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ವರ್ಗ, ಸಾಲದ ನಮೂದು, ವಿಮೆ, ಬಾಕಿ ದಂಡ ನೋಡಿ. ಚಾಸಿಸ್ ಮೇಲಿನ ಸಂಖ್ಯೆ ಆರ್‌ಸಿಗೆ ತಾಳೆಯಾಗಬೇಕು. ಹೆಸರು ಬದಲಾಯಿಸಲು ಫಾರಂ 29 ಮತ್ತು 30 ಬೇಕು. ಹೊರರಾಜ್ಯದ ವಾಹನಕ್ಕೆ ಫಾರಂ 28ರ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಯಲಹಂಕ (ಕೆಎ-50) ಅಥವಾ ಯಶವಂತಪುರ (ಕೆಎ-04) ಆರ್‌ಟಿಒಗೆ ಆರ್‌ಸಿಯ ಪ್ರತಿ ಒಯ್ದು, 'ಇದು ಈಗಿರುವ ಸ್ಥಿತಿಯಲ್ಲೇ ನನ್ನ ಹೆಸರಿಗೆ ಬರುತ್ತದೆಯೇ, ತೆರಿಗೆ ಎಷ್ಟು' ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಹಾಗಾಗಿ 13 ವರ್ಷದ ವಾಹನ ಅಗ್ಗವೆಂದು ಕಂಡರೆ ಇನ್ನು ಎರಡೇ ವರ್ಷದಲ್ಲಿ ಬರುವ ಖರ್ಚನ್ನೂ ಸೇರಿಸಿ ನೋಡಿ.

ನಿಮ್ಮ ಲೈಸೆನ್ಸನ್ನೂ ನೋಡಿಕೊಳ್ಳಿ. ಒಟ್ಟು ತೂಕ 7,500 ಕೆಜಿ ದಾಟದ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು. 55 ದಾಟಿದವರಿಗೆ ನವೀಕರಣ 5 ವರ್ಷಕ್ಕೆ ಮಾತ್ರ ಸಿಗುತ್ತದೆ, ಜೊತೆಗೆ ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ವಾಹನದ ಆಯಸ್ಸಿನ ಜೊತೆಗೆ, ನೀವು ಇನ್ನೆಷ್ಟು ವರ್ಷ ರಾತ್ರಿ ಹೊತ್ತು ಧೈರ್ಯವಾಗಿ ಓಡಿಸಬಲ್ಲಿರಿ ಎಂಬುದೂ ಲೆಕ್ಕಕ್ಕೆ ಬರಬೇಕು.

ತೂಕ: ಕಣ್ಣಿಗೆ ಕಾಣದ ದೋಷ

ಗ್ಯಾರೇಜಿನಲ್ಲಿ ದಪ್ಪ ಪ್ಲೈವುಡ್, ಗ್ರಾನೈಟ್ ಕಟ್ಟೆ, ದೊಡ್ಡ ಬ್ಯಾಟರಿ ಹಾಕಿಸುವಾಗ ಯಾರೂ ತೂಕ ನೋಡಿರುವುದಿಲ್ಲ. ಪೀಣ್ಯದ ಸುತ್ತಮುತ್ತ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆ. ವಾಹನವನ್ನು ಅಲ್ಲಿಗೆ ಒಯ್ದು ತೂಗಿಸಿ. ಮೊದಲು ಇಡೀ ವಾಹನ, ನಂತರ ಮುಂದಿನ ಚಕ್ರ ಮಾತ್ರ, ಕೊನೆಗೆ ಹಿಂದಿನ ಚಕ್ರ ಮಾತ್ರ.

ಒಂದು ಉದಾಹರಣೆ ನೋಡೋಣ. ನೋಂದಾಯಿತ ಗರಿಷ್ಠ ತೂಕ 3,500 ಕೆಜಿ ಇರುವ ವ್ಯಾನ್ ಖಾಲಿಯಿದ್ದಾಗಲೇ 3,150 ಕೆಜಿ ತೂಗಿತು ಎನ್ನಿ. ನಿಮ್ಮ ಪಾಲಿಗೆ ಉಳಿದದ್ದು 350 ಕೆಜಿ. ಅದರಲ್ಲಿ ನೀವು 70, 100 ಲೀಟರ್ ನೀರು 100, ತುಂಬಿದ ಸಿಲಿಂಡರ್ ಸುಮಾರು 30, ಬಟ್ಟೆ, ಪಾತ್ರೆ, ದಿನಸಿ, ಪುಸ್ತಕ, ಸಲಕರಣೆ 120. ಒಟ್ಟು 320 ಆಯಿತು. ಮೊಮ್ಮಗ ಎರಡು ದಿನಕ್ಕೆ ಬಂದರೂ ಮಿತಿ ದಾಟುತ್ತದೆ. ತೂಕ ಹೆಚ್ಚಿದಷ್ಟೂ ಅದೇ ವೇಗದಿಂದ ನಿಲ್ಲಲು ಬ್ರೇಕು ಹೆಚ್ಚು ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕು ಸೋಲುವುದು ಹೀಗೆ.

ನೀರು: ಸೋರಿದ್ದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ

ಮಾಡಿಗೆ ಕೊರೆದ ಪ್ರತಿ ತೂತೂ, ಅಂದರೆ ಫ್ಯಾನು, ಸೌರ ಫಲಕ, ಎಸಿ ಕೂರಿಸಿದ ಜಾಗ, ಮುಂದೊಂದು ದಿನ ಸೋರಬಹುದಾದ ಬಾಯಿ. ನೀರು ಗೋಡೆಯ ಒಳಪದರದಲ್ಲಿ ಇಳಿದು ಪ್ಲೈವುಡ್ ಕೊಳೆಸುತ್ತದೆ, ಬೂಷ್ಟು ಬೆಳೆಸುತ್ತದೆ. ಸಣ್ಣ ಜಾಗದಲ್ಲಿ ದಿನಪೂರ್ತಿ ಇರುವವರಿಗೆ, ಅದರಲ್ಲೂ ಉಬ್ಬಸ ಇರುವವರಿಗೆ, ಈ ಬೂಷ್ಟು ನೇರ ತೊಂದರೆ.

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಜೋರು ಮಳೆ ಬಂದ ಮರುದಿನ ವಾಹನ ನೋಡಲು ಹೋದರೆ ಒಳ್ಳೆಯದು. ಬೇಸಿಗೆಯಾದರೆ ಪೈಪಿನಿಂದ 20 ನಿಮಿಷ ಮಾಡಿನ ಮೇಲೆ ನೀರು ಬಿಡಿಸಿ. ನಂತರ ಬಾಗಿಲು ಮುಚ್ಚಿ ಒಳಗೆ ಕುಳಿತು ಮೂಸಿ ನೋಡಿ. ಕಪಾಟಿನ ಮೂಲೆ, ಹಾಸಿಗೆಯ ಅಡಿ, ಶೌಚಾಲಯದ ಪಕ್ಕದ ನೆಲವನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾದರೆ ಬೇರೆ ವಾಹನ ನೋಡಿ. ಹೊಸ ಬಣ್ಣ, ಹೊಸ ವಾಲ್‌ಪೇಪರ್ ಒಂದೇ ಮೂಲೆಯಲ್ಲಿದ್ದರೆ ಅನುಮಾನಪಡಬೇಕು. ಮಂಗಳೂರು, ಉಡುಪಿ, ಚೆನ್ನೈ ಕಡೆಯ ವಾಹನವಾದರೆ ಉಪ್ಪಿನ ಗಾಳಿಗೆ ಅಡಿಭಾಗ ತುಕ್ಕು ಹಿಡಿದಿದೆಯೇ ಎಂದು ಮೇಲೆತ್ತಿಸಿ ನೋಡಿ.

"ಸೋಲಾರ್ ಇದೆ, ಎಸಿ ರಾತ್ರಿಯಿಡೀ ಓಡುತ್ತೆ" ನಿಜವೇ?

ಲೆಕ್ಕ ಹಾಕೋಣ. ಮನೆಯ ಇನ್ವರ್ಟರ್‌ಗೆ ಬಳಸುವ 12 ವೋಲ್ಟಿನ 150 ಆಂಪಿಯರ್-ಗಂಟೆ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಬ್ಯಾಟರಿ ಬೇಗ ಸಾಯಬಾರದೆಂದರೆ ಅರ್ಧ, ಅಂದರೆ 900ರಷ್ಟು ಮಾತ್ರ ಬಳಸಬೇಕು. ಒಂದು ಟನ್ ಎಸಿ ಸುಮಾರು 1,000 ವ್ಯಾಟ್ ಎಳೆಯುತ್ತದೆ. ಒಂದು ಗಂಟೆ ತುಂಬುವ ಮೊದಲೇ ಕತೆ ಮುಗಿಯಿತು.

ಎಸಿ ಬಿಟ್ಟರೆ ಒಬ್ಬರ ದಿನದ ಅಗತ್ಯ ಹೆಚ್ಚೇನಿಲ್ಲ. ಸಣ್ಣ 12 ವೋಲ್ಟ್ ಫ್ರಿಜ್ 450, ಫ್ಯಾನ್ 10 ಗಂಟೆಗೆ 150, ದೀಪ 80, ಫೋನು, ಲ್ಯಾಪ್‌ಟಾಪ್ 120, ಒಟ್ಟು 800 ವ್ಯಾಟ್-ಗಂಟೆ. ಬಿಸಿಲಿದ್ದಾಗ 300 ವ್ಯಾಟಿನ ಫಲಕ ಇದನ್ನು ತುಂಬಿಕೊಡಬಲ್ಲದು. ಆದರೆ ರಾತ್ರಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬಳಸುವವರಿಗೆ ಇನ್ನೂ 300 ಸೇರುತ್ತದೆ, ಒಂದು ಬ್ಯಾಟರಿ ಸಾಲದು. ಮಲೆನಾಡಿನ ಜುಲೈನಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೆ ಚಾರ್ಜ್ ಎಲ್ಲಿಂದ? ಎಂಜಿನ್ ಓಡುವಾಗಲೂ, ಹೋಟೆಲಿನ ಪ್ಲಗ್‌ನಿಂದಲೂ ಮನೆಯ ಬ್ಯಾಟರಿ ತುಂಬುವ ವ್ಯವಸ್ಥೆ ಇದೆಯೇ ಎಂದು ಕೇಳಿ, ಮಾಡಿಸಿ ನೋಡಿ.

ಬ್ಯಾಟರಿಯ ತಂತಿ ತೆಳ್ಳಗಿರುವುದು ಇನ್ನೊಂದು ಅಪಾಯ. ಅಷ್ಟೇ ಶಕ್ತಿ ಸಾಗಿಸಲು 230 ವೋಲ್ಟಿಗಿಂತ 12 ವೋಲ್ಟಿನಲ್ಲಿ ಸುಮಾರು 19 ಪಟ್ಟು ಹೆಚ್ಚು ವಿದ್ಯುತ್ ಹರಿಯಬೇಕು. ತಂತಿಯ ಶಾಖ ಹರಿವಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತಂತಿಯಲ್ಲಿ ಶಾಖ 360 ಪಟ್ಟು ದಾಟುತ್ತದೆ. ಮನೆಯ ವೈರಿಂಗ್ ತಂತಿಯನ್ನೇ ಇಲ್ಲಿ ಎಳೆದಿದ್ದರೆ ಅದು ಬೆಂಕಿಗೆ ಆಹ್ವಾನ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ತಂತಿಗಳ ನಕ್ಷೆ ಕಾಗದದ ಮೇಲೆ ಇದ್ದರೆ ಆ ವಾಹನಕ್ಕೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಗ್ಯಾಸ್ ಮತ್ತು ಹೊಗೆ: ಎಬ್ಬಿಸುವವರು ಯಾರೂ ಇಲ್ಲ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಕಿಟಕಿ ತೆರೆದಿದೆ ಎಂದು ನಿಶ್ಚಿಂತರಾಗುವುದು ತಪ್ಪು. ಸಿಲಿಂಡರ್ ಇಡುವ ಗೂಡು ಮಲಗುವ ಜಾಗದಿಂದ ಬೇರೆಯಾಗಿರಬೇಕು, ಅದರ ತಳದಲ್ಲೇ ಹೊರಕ್ಕೆ ಗಾಳಿಕಂಡಿ ಇರಬೇಕು, ಗ್ಯಾಸ್ ಪತ್ತೆಯ ಅಲಾರಂ ನೆಲಕ್ಕೆ ಹತ್ತಿರವಿರಬೇಕು. ಒಬ್ಬರೇ ಇರುವವರಿಗೆ 5 ಕೆಜಿಯ ಸಣ್ಣ ಸಿಲಿಂಡರ್ ಎತ್ತಲೂ ಸುಲಭ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗುವುದು, ಜನರೇಟರನ್ನು ಕಿಟಕಿಯ ಪಕ್ಕ ಓಡಿಸುವುದು, ಚಳಿಗೆ ಇದ್ದಿಲು ಉರಿಸುವುದು ಮೂರೂ ಮಾಡಬಾರದ ಕೆಲಸ. ವಿಷ ಏರುತ್ತಿದ್ದಂತೆ ತಲೆನೋವು, ಮಂಪರು ಬರುತ್ತದೆ. ನಿದ್ರೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಮಂಚದ ಬಳಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ.

ನಿಮ್ಮ ಮೈಗೆ ಒಗ್ಗುತ್ತದೆಯೇ?

ಮಾರಾಟಗಾರರಿಂದ ಒಂದು ಗಂಟೆ ಕೇಳಿಕೊಂಡು, ಯಾರ ಸಹಾಯವೂ ಇಲ್ಲದೆ ಈ ಕೆಲಸಗಳನ್ನು ಮಾಡಿ ನೋಡಿ: ಹಾಸಿಗೆ ಹಾಸಿ ಮಲಗಿ ಏಳುವುದು, ದೀಪ ಆರಿಸಿ ಶೌಚಾಲಯಕ್ಕೆ ಹೋಗಿಬರುವುದು, ಸಿಲಿಂಡರ್ ಬದಲಿಸುವುದು, ಶೌಚದ ಡಬ್ಬಿ ಹೊರಗೆಳೆಯುವುದು.

ಮಂಚ ಕುರ್ಚಿಯಷ್ಟು ಎತ್ತರದಲ್ಲಿ ಸ್ಥಿರವಾಗಿರಲಿ. ಏಣಿ ಹತ್ತಿ ಮಲಗುವ ಅಟ್ಟ 65ರ ಮಂಡಿಗೆ ಬೇಡ. ಬಾಗಿಲ ಮೆಟ್ಟಿಲಿಗೆ ಹಿಡಿಕೆ ಬೇಕು. ಮಂಚದಿಂದ ಚಾಲಕನ ಸೀಟಿಗೆ ಹೊರಗಿಳಿಯದೆ ಹೋಗುವಂತಿರಬೇಕು. ಅಪರಾತ್ರಿ ಯಾರೋ ಬಾಗಿಲು ಬಡಿದರೆ ಹೊರಟುಬಿಡಲು ಇದೊಂದೇ ದಾರಿ. 20 ಲೀಟರಿನ ಶೌಚದ ಡಬ್ಬಿ ತುಂಬಿದರೆ 20 ಕೆಜಿ ದಾಟುತ್ತದೆ. ಅದನ್ನು ಸುರಿಯಲು ಅಮೆರಿಕ, ಯುರೋಪಿನಂತೆ ನಮ್ಮಲ್ಲಿ ಪ್ರತ್ಯೇಕ ತಾಣಗಳ ಜಾಲವಿಲ್ಲ. ಸಾಮಾನ್ಯ ಶೌಚಾಲಯಕ್ಕೆ ಹೊತ್ತೇ ಒಯ್ಯಬೇಕು. ಹಾಗಾಗಿ ಸಣ್ಣ ಡಬ್ಬಿಯೇ ಮೇಲು.

ಬಿಸಿಲಿನ ವಿಷಯವನ್ನು ಬೆಂಗಳೂರಿನವರು ಹಗುರವಾಗಿ ನೋಡುತ್ತಾರೆ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟಿದಾಗ ತಗಡಿನ ವ್ಯಾನು ಒಲೆಯಾಗುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಬೆವರುವ ಶಕ್ತಿಯೂ ತಗ್ಗುತ್ತದೆ. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿಯಲ್ಲಿರಬೇಕು. ಹಾಗಾಗಿ ಮಾಡಿನೊಳಗೆ ಶಾಖ ತಡೆಯುವ ಪದರ ಇದೆಯೇ ಎಂದು ನೋಡಿ, ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ.

ಕೊನೆಗೆ ಎಂಜಿನ್ ಮತ್ತು ರಸ್ತೆ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಸೇರುತ್ತಿರಬಹುದು. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರದ್ದು. ಕ್ಯಾರವಾನ್ ಹೆಚ್ಚು ಓಡದೆ ನಿಂತಿರುವುದರಿಂದ ಗುಂಡಿ ಸವೆಯದಿದ್ದರೂ ರಬ್ಬರು ಹಳತಾಗಿರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ವಾಹನವಾದರೆ ಹೊಗೆ ಶೋಧಕದ ದೀಪ ಹೊತ್ತುತ್ತದೆಯೇ ನೋಡಿ. ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಓಡಿಸಿದ ವಾಹನಗಳಲ್ಲಿ ಅದು ಕಟ್ಟಿಕೊಳ್ಳುವುದು ಸಾಮಾನ್ಯ.

ಪರೀಕ್ಷೆಗೆ ಬಳ್ಳಾರಿ ರಸ್ತೆಯ ನೇರ ಹಾದಿ ಸಾಲದು. ನೀರು ತುಂಬಿಸಿ, ವಾರದ ದಿನ ಯಲಹಂಕದಿಂದ ನಂದಿಬೆಟ್ಟಕ್ಕೆ ಹೋಗಿಬನ್ನಿ. ಬೆಟ್ಟದ ಎತ್ತರ 1,478 ಮೀಟರ್. ಏರುವಾಗ ಬಿಸಿಯ ಮುಳ್ಳು, ಇಳಿಯುವಾಗ ಬ್ರೇಕಿನ ವಾಸನೆ ಎಲ್ಲ ಹೇಳುತ್ತವೆ. ಬಂದ ಮೇಲೆ ಆರ್.ಟಿ. ನಗರದ ಒಳರಸ್ತೆಯಲ್ಲಿ ತೂಗುವ ಕೇಬಲ್ಲು, ಮರದ ಕೊಂಬೆಗಳ ಕೆಳಗೆ ಒಬ್ಬರೇ ಹಿಂದಕ್ಕೆ ತೆಗೆದು ನಿಲ್ಲಿಸಿ ನೋಡಿ. ವಾಹನದ ಎತ್ತರವನ್ನು ಅಳೆದು ಸ್ಟೀರಿಂಗ್ ಎದುರು ಬರೆದು ಅಂಟಿಸಿಕೊಳ್ಳಿ.

ಮನೆ ಮಾರಬೇಡಿ, ಮೊದಲು ಬಾಡಿಗೆಗೆ ಪಡೆಯಿರಿ

ಬೆಂಗಳೂರಿನಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮುನ್ನ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮಳೆಗಾಲದಲ್ಲಿ, ಒಬ್ಬರೇ ಇದ್ದು ನೋಡಿ. ನಮ್ಮಲ್ಲಿ ಕ್ಯಾರವಾನ್ ಪಾರ್ಕುಗಳು ವಿರಳ. ರಾತ್ರಿ ತಂಗುವುದು ಪೆಟ್ರೋಲ್ ಬಂಕ್, ಹೋಂಸ್ಟೇ, ಹೋಟೆಲ್ ಆವರಣದಲ್ಲಿ, ಅವರ ಅನುಮತಿ ಕೇಳಿ. ದಿನವೂ ಜಾಗ ಹುಡುಕುವುದು ನಿಮಗೆ ಖುಷಿಯೋ ಕಿರಿಕಿರಿಯೋ ಎಂಬುದು ಎರಡು ವಾರದಲ್ಲಿ ತಿಳಿಯುತ್ತದೆ.

ಆಧಾರ್, ಬ್ಯಾಂಕು, ಆರ್‌ಸಿ, ಆರೋಗ್ಯ ವಿಮೆ ಎಲ್ಲಕ್ಕೂ ಒಂದು ಖಾಯಂ ವಿಳಾಸ ಬೇಕು. ಮನೆ ಬಾಡಿಗೆಗೆ ಕೊಟ್ಟರೂ ಟಪಾಲು ತೆಗೆದುಕೊಳ್ಳುವವರು ಒಬ್ಬರಿರಲಿ. ನವೆಂಬರಿನ ಪಿಂಚಣಿ ಜೀವನ ಪ್ರಮಾಣಪತ್ರವನ್ನು ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮುಖ ಗುರುತಿನ ಮೂಲಕ ಫೋನಿನಿಂದಲೇ ಸಲ್ಲಿಸಬಹುದು, ಅದಕ್ಕಾಗಿ ಊರಿಗೆ ಬರಬೇಕಿಲ್ಲ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ನೀವಿರುವ ಜಾಗವನ್ನು ಒಬ್ಬರಿಗೆ ಕಳಿಸುವ ರೂಢಿ ಇಟ್ಟುಕೊಳ್ಳಿ. ಸಂದೇಶ ಬರದಿದ್ದರೆ ಏನು ಮಾಡಬೇಕೆಂದೂ ಅವರಿಗೆ ಹೇಳಿರಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಒಬ್ಬರೇ ಎತ್ತಲಾಗದ, ಒಬ್ಬರೇ ನಿಲ್ಲಿಸಲಾಗದ, ಒಳಗೆ ಏನು ಎಲ್ಲಿದೆ ಎಂದು ಒಬ್ಬರಿಗೇ ಅರ್ಥವಾಗದ ವಾಹನ ಎಷ್ಟೇ ಚೆಂದವಿದ್ದರೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಚಿಕ್ಕದು, ಸರಳವಾದದ್ದು, ಕಾಗದ ಸರಿಯಿರುವುದು ಸಿಗುವವರೆಗೆ ಕಾಯಬಹುದು. ಅಲ್ಲಿಯವರೆಗೆ ಮನೆ ಇದ್ದೇ ಇದೆ.